ಹಸುಗಳು ಕೇಳಿದ ಕರೆ

ಓರ್ಸಾ, ಮೇ ೧೯೩೧

ಮಗಳು ಸಿಗ್ನೆಗೆ,

ನಿನ್ನ ಕಾಗದ ತಲುಪಿತು. ಮಾತಿನ ಚಿತ್ರಗಳು ಬಂದ ಮೇಲೆ, ನಿನ್ನ ದನಿಯಲ್ಲಿ ಹಳ್ಳಿಯ ವಾಸನೆ ಇದೆಯೆಂದು ಸ್ಟಾಕ್‌ಹೋಮಿನವರು ಪಾತ್ರ ಕೊಡುತ್ತಿಲ್ಲ, ಅದನ್ನು ತೊಡೆದುಹಾಕಲು ಪಾಠಕ್ಕೆ ಸೇರುತ್ತೇನೆ ಎಂದು ಬರೆದಿದ್ದೀಯೆ.

ನೀನು ನಟಿಯಾದದ್ದು ನನಗೆ ಇಷ್ಟವಿರಲಿಲ್ಲ, ಈಗಲೂ ಇಲ್ಲ. ನಿನ್ನ ಒಂದು ಚಿತ್ರವನ್ನೂ ನಾನು ನೋಡಿರಲಿಲ್ಲ. ಕಳೆದ ಶನಿವಾರ ಪಕ್ಕದ ಮನೆಯ ಬ್ರಿತಾ ನಿನ್ನ ಹಳೆಯ ಮೂಕಿ ಚಿತ್ರಕ್ಕೆ ಎಳೆದುಕೊಂಡು ಹೋದಳು. ಅದರಲ್ಲಿ ನೀನು ಬೆಟ್ಟದ ಹುಲ್ಲುಗಾವಲಿನಲ್ಲಿ ನಿಂತು, ಹಾಡಿ ಹಸುಗಳನ್ನು ಕರೆಯುತ್ತೀಯೆ.

"ನಿನ್ನ ಮಗಳು ಬರೀ ಬಾಯಿ ತೆಗೀತಾಳೆ ಕಣೇ," ಎಂದು ಬ್ರಿತಾ ನಕ್ಕಳು.

"ನೀನು ಬಾಯಿ ಮುಚ್ಕೊಂಡು ಹಸುಗಳನ್ನ ನೋಡೇ," ಎಂದೆ.

ದೂರದಲ್ಲಿ ಮೇಯುತ್ತಿದ್ದ ಹಸುಗಳು ಒಂದೊಂದಾಗಿ ತಲೆಯೆತ್ತಿ, ಸರೋವರವನ್ನು ಬಳಸಿಕೊಂಡು ನಿನ್ನ ಕಡೆಗೇ ಬಂದವು. ಹಸುಗಳಿಗೆ ನಟನೆ ಬರುವುದಿಲ್ಲ. ಆ ಕರೆ ನಾನು ನಿನಗೆ ಕಲಿಸಿದ್ದು, ನನಗೆ ನನ್ನ ಅಮ್ಮ ಕಲಿಸಿದ್ದು.

ಆ ಪಾಠಕ್ಕೆ ಸೇರಬೇಡ. ಜೂನ್‌ನಲ್ಲಿ ದನಗಳನ್ನು ಬೆಟ್ಟಕ್ಕೆ ಹೊಡೆದುಕೊಂಡು ಹೋಗಬೇಕು. ನನ್ನ ದನಿ ಈಗ ಅಲ್ಲಿನ ಸರೋವರದ ಆಚೆ ದಡ ಮುಟ್ಟುವುದಿಲ್ಲ. ನೀನು ಬಂದು ಹಸುಗಳನ್ನು ಕರೆ. ಬೇಸಿಗೆ ಕಳೆದ ಮೇಲೆ ಬೇಕಾದರೆ ಹಿಂದಿರುಗು, ಆದರೆ ಇದೇ ದನಿ ಇಟ್ಟುಕೊಂಡು ಹೋಗು.

ಬೆಟ್ಟ ಹತ್ತಲೆಂದು ಹೊಸ ಬೂಟು ಕೊಳ್ಳಬೇಡ. ನಿನ್ನ ಹಳೆಯದಕ್ಕೆ ಪ್ರತಿ ವಸಂತದಲ್ಲೂ ಎಣ್ಣೆ ಹಚ್ಚಿ ಇಟ್ಟಿದ್ದೇನೆ.

ನಿನ್ನ ಅಮ್ಮ,
ಕರಿನ್