ನಿಮ್ಮಣ್ಣನ ಆಪರೇಷನ್

ಅಂಬ್ಲಿಗೊಳ
೧೪-೧೧-೨೦೨೪

ಪ್ರೀತಿಯ ವನಜಾ,

ನಿನ್ನ ಮಂಡಿನೋವು ಹೇಗಿದೆ? ನಿಮ್ಮಣ್ಣನ ಮನೆಯ ಮೆಟ್ಟಿಲು ಹತ್ತಿ ಇಳಿದು ಹೆಚ್ಚು ಮಾಡಿಕೊಳ್ಳಬೇಡ. ಇಲ್ಲಿ ಮಗ ರವಿ, ಸೊಸೆ ಮೇಘನಾ ಕ್ಷೇಮ. ಮೆಕ್ಕೆಜೋಳ ಕಣದಲ್ಲಿ ಒಣಗುತ್ತಿದೆ. ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕುತ್ತೀ, ಇಡೀ ಆನವಟ್ಟಿ ಕೇಳಿಸಿಕೊಳ್ಳುತ್ತದೆ. ಅದಕ್ಕೇ ಈ ಕಾಗದ, ಪಕ್ಕದ ಮನೆ ಲೋಕಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ.

ಆನಂದಪ್ಪ ಭಾವನಿಗೆ ಪ್ರಾಸ್ಟೇಟ್ ಆಪರೇಷನ್ ಆದದ್ದು ನಿಜ, ಅವರ ನೋವೂ ನಿಜ. ಆದರೆ ನೋಡಿ ಬರುತ್ತೇನೆಂದು ಹೋದವಳು ನೀನು ಅಲ್ಲೇ ಉಳಿದುಬಿಟ್ಟೆ. ಮೊನ್ನೆ ನನ್ನ ಮಾತು ಅರ್ಧದಲ್ಲಿರುವಾಗಲೇ "ತಡೀರಿ, ಅಣ್ಣಂಗೆ ನೀರು ಕುಡಿಸ್ಬೇಕು" ಎಂದು ಫೋನ್ ಇಟ್ಟೆ. ನೀರು ಕುಡಿಸಲು ಅತ್ತಿಗೆ ಇಲ್ಲವೆ? ಹೋದ ವರ್ಷ ನಾನು ಜ್ವರದಲ್ಲಿ ಮಲಗಿದ್ದಾಗ "ಮಾತ್ರೆ ಗೂಡ್ನಾಗೈತೆ, ತಗೊಳ್ರಿ" ಎಂದು ಗದ್ದೆಗೆ ಹೋದವಳು ನೀನೇ. ಅವರಿಗಾದರೆ ಗಂಜಿ ಆರಿಸಿ ಕೊಡುತ್ತೀಯಂತೆ, ಮೂತ್ರದ ಚೀಲವನ್ನೂ ನೀನೇ ಖಾಲಿ ಮಾಡುತ್ತಿದ್ದೆಯಂತೆ. ಲೋಕಮ್ಮ ಅಲ್ಲಿಂದ ಬಂದು ನಿನ್ನನ್ನು ಹೊಗಳಿದಾಗ ನನ್ನ ಹೊಟ್ಟೆ ಉರಿಯಿತು. ಹಾಸಿಗೆ ಹಿಡಿದವರ ಮೇಲೆ ಹೊಟ್ಟೆಕಿಚ್ಚು ಪಡುವುದು ನಗೆಪಾಟಲೆಂದು ಗೊತ್ತು. ಗೊತ್ತಿದ್ದರೂ ಉರಿಯುತ್ತದೆ.

"ಒಂದ್ಸಲನೂ ಮುಖ ತೋರ್ಸ್ಲಿಲ್ಲ ನೀವು" ಎಂದು ಬೈದೆಯಲ್ಲ? ಭಾನುವಾರ ಹೊರಟಿದ್ದೆ ಮಾರಾಯ್ತಿ. ಬಸ್ಸಿನಲ್ಲಿ ತಡೆಯಲಾಗದೆ ತೊಗರ್ಸಿಯಲ್ಲಿ ಇಳಿದೆ. ಬೇಲಿ ಮರೆಯಲ್ಲಿ ನಿಂತರೆ ಬರೀ ಹನಿಹನಿ. ಮುಗಿಯಿತೆಂದು ತಿರುಗುವಷ್ಟರಲ್ಲಿ ಪಂಚೆ ಒದ್ದೆ. ಬಸ್ಸು ಹೋಗಿತ್ತು. ಆ ಪಂಚೆಯಲ್ಲಿ ಎಲ್ಲರ ಆರೈಕೆಯ ನಡುವೆ ಮಲಗಿರುವ ನಿಮ್ಮಣ್ಣನ ಎದುರು ನಿಲ್ಲಲು ಮನಸ್ಸು ಬರಲಿಲ್ಲ. ಮನೆಗೆ ಮರಳಿದೆ.

ಭಾವನಿಗೆ ನನ್ನ ನಮಸ್ಕಾರ ಹೇಳು. ಅವರು ಬೇಗ ಎದ್ದು ಓಡಾಡಲಿ, ನಿನಗೂ ಬಿಡುವಾಗಲಿ.

ನಿನ್ನ
ಶೇಷಪ್ಪ

ಹೇಳಬೇಕಾದದ್ದೇ ಉಳಿಯಿತು: ಮರುದಿನ ಶಿಕಾರಿಪುರದಲ್ಲಿ ಡಾಕ್ಟರಿಗೆ ತೋರಿಸಿದೆ. ಮೂತ್ರಕೋಶದ ಕೆಳಗಿರುವ ಆ ಪ್ರಾಸ್ಟೇಟ್ ಗ್ರಂಥಿ ವಯಸ್ಸಾದಂತೆ ಬೆಳೆದು ಮೂತ್ರನಾಳವನ್ನು ಒತ್ತುತ್ತದಂತೆ. "ಬಹಳ ಗಂಡಸ್ರಿಗೆ ಬರೋದೇ, ಮಾತ್ರೆಲೇ ಕಮ್ಮಿ ಆಗ್ಬಹುದು" ಎಂದರು. ಆದರೆ ಬೆರಳಿಟ್ಟು ನೋಡುವಾಗ ಒಂದು ಕಡೆ ಗಟ್ಟಿ ಸಿಕ್ಕಿತಂತೆ. ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಲು ರಕ್ತ ತೆಗೆದಿದ್ದಾರೆ. ಸೋಮವಾರ ರಿಪೋರ್ಟ್. "ಮನೆಯವ್ರನ್ನ ಕರ್ಕೊಂಡು ಬನ್ನಿ" ಎಂದಿದ್ದಾರೆ. ರವಿಗೆ ಹೇಳಿಲ್ಲ, ಹೇಳಲು ಬಾಯಿ ಬರುತ್ತಿಲ್ಲ. ನಿಮ್ಮಣ್ಣನ ಹತ್ತಿರ ಬೇರೆ ಜನ ಇದ್ದಾರೆ. ನನಗೆ ಭಯವಾಗುತ್ತಿದೆ, ವನಜಾ. ಭಾನುವಾರವೇ ಬಂದುಬಿಡು.