ಗಂಟೆಗೆ ಎಂಬತ್ತರಲ್ಲಿ ನಡುಗುವ ಸ್ಟೀರಿಂಗ್

ನನ್ನ ಡ್ರೈವಿಂಗ್ ಮೇಷ್ಟ್ರೂ ಆದ ಅಪ್ಪನಿಗೆ,

ಇವತ್ತು ಬೆಳಿಗ್ಗೆ ಅಲಹಾಬಾದ್ ಹೆದ್ದಾರಿಯಲ್ಲಿ ನಿಮ್ಮ ಬಿಳಿ ಕಾರನ್ನು ಗಂಟೆಗೆ ಎಂಬತ್ತೈದರಲ್ಲಿ ಓಡಿಸಿಕೊಂಡು ಬಂದೆ. ಕೈ ನಡುಗಲಿಲ್ಲ! ಒಂದಿಷ್ಟೂ ಇಲ್ಲ! ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ "ಪ್ರಸನ್ನಾ" ಅಂತ ಕೂಗುತ್ತಾ ಅವನ ಎರಡೂ ಕೈ ಹಿಡಿದು ಅಡುಗೆಮನೆಯಲ್ಲೇ ಗಿರಗಿರ ಸುತ್ತಿದೆ. ಅಮ್ಮ ಸೌಟು ಹಿಡಿದುಕೊಂಡೇ, "ಗಂಡನ ಹೆಸರು ಹಿಡಿದು ಕಿರುಚಬೇಡ್ವೇ, ಮಹಡಿ ಮೇಲಿನ ಮಿಶ್ರಾಜಿ ಮನೆಯವರು ಏನಂದ್ಕೊಳ್ತಾರೆ?" ಅಂದರು. ಮಿಶ್ರಾಜಿಗೆ ಕನ್ನಡ ಬರುವುದಿಲ್ಲ ಅಂದರೆ, "ಹೆಸರು ಅರ್ಥವಾಗಲ್ವಾ?" ಅನ್ನುತ್ತಾರೆ. ನೀವಿದ್ದಿದ್ದರೆ ಯಾರ ಪಕ್ಷ ವಹಿಸುತ್ತಿದ್ದಿರಿ?

ಅಯ್ಯೋ, ಪ್ರಸನ್ನ ಯಾರು ಅಂತ ನಿಮಗೆ ಗೊತ್ತೇ ಇಲ್ಲವಲ್ಲ! ನೀವು ಹೋಗಿದ್ದು ಜನವರಿಯ ಆ ಮಂಜಿನ ಬೆಳಿಗ್ಗೆ. ವರ್ಷದೊಳಗೆ ಮಗಳ ಮದುವೆ ಆಗಿಬಿಡಬೇಕು ಎಂದು ದೊಡ್ಡವರೆಲ್ಲ ಹೇಳಿದರು, ಮೇ ತಿಂಗಳಲ್ಲಿ ಇಲ್ಲೇ ಕಾಶಿಯ ಕೇದಾರ ಘಾಟ್‌ನ ಛತ್ರದಲ್ಲಿ ಆಯಿತು. ಅವನು ಮೈಸೂರಿನವನು, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಮೇಲೆ ಸಂಶೋಧನೆ ಮಾಡುತ್ತಾನೆ. ನಕ್ಕರೆ ಕಣ್ಣು ಪೂರ್ತಿ ಮುಚ್ಚಿಹೋಗುತ್ತದೆ. ನನ್ನ ಉಪ್ಪಿಟ್ಟನ್ನು ಹೊಗಳುತ್ತಾನೆ ಅಪ್ಪ, ಇನ್ನೇನು ಬೇಕು? ಲಂಕಾ ಬಡಾವಣೆಯ ಇದೇ ಮನೆಯಲ್ಲಿ ಅಮ್ಮನ ಜೊತೆಗೇ ಇದ್ದೇವೆ.

ನೀವು ಆ ಗುಟ್ಟು ಹೇಳಿದ್ದೂ ಕೇದಾರ ಘಾಟ್‌ನಲ್ಲೇ. ಎರಡು ವರ್ಷದ ಹಿಂದಿನ ದಸರಾ ಮುಗಿದಿತ್ತು. ನಮ್ಮನ್ನು ಅಲಹಾಬಾದ್‌ಗೆ ಕರೆದುಕೊಂಡು ಹೊರಟವರು ಅರ್ಧ ದಾರಿಯಲ್ಲಿ ಒಂದು ಢಾಬಾದ ಮುಂದೆ ನಿಲ್ಲಿಸಿ, ನಿದ್ದೆ ಬರ್ತಿದೆ ಎಂದು ಹೇಳಿ, ನಿಧಾನಕ್ಕೆ ವಾಪಸ್ ಓಡಿಸಿಕೊಂಡು ಬಂದಿರಿ. ಮಾರನೆಯ ಸಂಜೆ ಮೆಟ್ಟಿಲ ಮೇಲೆ ಕೂತು ಕಾರಿನ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟಿರಿ. "ಇನ್ಮೇಲೆ ನೀನೇ ಓಡಿಸು ಪುಟ್ಟಿ. ಸ್ಪೀಡ್ ಹೋದ್ರೆ ನನ್ನ ಕೈ ನಡುಗುತ್ತೆ. ನಿಮ್ಮಜ್ಜನಿಗೂ ಇದೇ ವಯಸ್ಸಲ್ಲಿ ಶುರುವಾಗಿದ್ದು. ಅಮ್ಮನಿಗೆ ಹೇಳ್ಬೇಡ." ಅಜ್ಜ ಕೊನೆಗೆ ಲೋಟ ಕೂಡ ಹಿಡಿಯಲಾರದೆ ಹೋಗಿದ್ದರು ಎಂದು ನನಗೆ ಗೊತ್ತಿತ್ತು. ಡಾಕ್ಟರ್ ಹತ್ತಿರ ಹೋಗೋಣ ಅಂದರೆ, "ನೋಡೋಣ" ಅಂದಿರಿ. ನೀವು "ನೋಡೋಣ" ಅಂದರೆ ಏನರ್ಥ ಎಂದು ನನಗೆ ಗೊತ್ತಿರಲಿಲ್ಲವೇ?

ಆ ಕೀಲಿ ಹಿಡಿದು ನಾನು ಓಡಿಸಿದ್ದೆಲ್ಲ ಊರೊಳಗೆ. ಸೈಕಲ್ ರಿಕ್ಷಾ, ಗೂಳಿ, ಹೆಣ ಹೊತ್ತವರು, ಮದುವೆಯ ಬ್ಯಾಂಡ್, ಇಷ್ಟರ ನಡುವೆ ಗಂಟೆಗೆ ಇಪ್ಪತ್ತು ದಾಟಿದರೆ ಹೆಚ್ಚು. ಮದುವೆಯಾಗಿ ಮೂರು ವಾರಕ್ಕೆ, ಹೊಸದಾಗಿ ಅಗಲವಾಗಿರುವ ಹೆದ್ದಾರಿ ನೋಡೋಣ ಎಂದು ಇಬ್ಬರೇ ಹೊರಟೆವು. ನಾನು ಗಾಳಿಗೆ ದುಪಟ್ಟಾ ಹಾರಿಸಿಕೊಂಡು, ಜೋರಾಗಿ ಹಾಡಿಕೊಂಡು... ಮುಳ್ಳು ಎಂಬತ್ತು ಮುಟ್ಟಿತು. ನನ್ನ ಕೈ ನಡುಗತೊಡಗಿತು. ಬೆರಳಿನಿಂದ ಮೊಣಕೈವರೆಗೆ. ಅಪ್ಪ, ಹಾಡು ಅರ್ಧಕ್ಕೇ ನಿಲ್ಲಿಸಿಬಿಟ್ಟೆ.

ಅಜ್ಜ, ಆಮೇಲೆ ನೀವು, ಈಗ ನಾನು. ಇಪ್ಪತ್ತಾರಕ್ಕೇ? ಪ್ರಸನ್ನನಿಗೆ ನಾನು ಏನೂ ಹೇಳಿರಲಿಲ್ಲ. ಮದುವೆಗೆ ಮೊದಲು ಗಂಟೆಗಟ್ಟಲೆ ಮಾತಾಡಿದ್ದೆವು, ನನಗೆ ಹಾಗಲಕಾಯಿ ಸೇರುವುದಿಲ್ಲ ಎನ್ನುವುದರಿಂದ ಹಿಡಿದು ಎಲ್ಲವನ್ನೂ ಹೇಳಿದ್ದೆ, ಇದೊಂದನ್ನು ಬಿಟ್ಟು. ಇದನ್ನು ಮೋಸ ಎನ್ನುವುದಿಲ್ಲವೇ? ವೇಗ ಇಳಿಸಿ, ತಲೆನೋವು ಎಂದು ಹೇಳಿ, ಗಾಡಿ ತಿರುಗಿಸಿದೆ. ನೀವು ಮಾಡಿದ ಹಾಗೆಯೇ. ಆಮೇಲೆ ಹತ್ತು ದಿನ ದಿನವೂ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ತುಂಬಿದ ಚೊಂಬನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿದು ನೋಡಿಕೊಳ್ಳುತ್ತಿದ್ದೆ.

ಹನ್ನೊಂದನೆಯ ದಿನ ಬೆಳಿಗ್ಗೆ ಪ್ರಸನ್ನ ಬಚ್ಚಲ ಬಾಗಿಲು ತಟ್ಟಿ, "ಒಳಗೆ ಅಭಿಷೇಕ ನಡೀತಿದ್ಯಾ?" ಅಂದ. ನಾನು ಬಾಗಿಲು ತೆಗೆದು ಅತ್ತೇಬಿಟ್ಟೆ. ಎಲ್ಲ ಹೇಳಿದೆ. ಅವನು ಟವೆಲಿನಿಂದ ನನ್ನ ಮುಖ ಒರೆಸಿದ. ಆಮೇಲೆ, "ಕೀಲಿ ಕೊಡು, ನಾನು ಓಡಿಸಿ ನೋಡ್ತೀನಿ" ಅಂದ.

ಅದೇ ಹೆದ್ದಾರಿ. ಅವನು ಓಡಿಸಿದ, ನಾನು ಪಕ್ಕದಲ್ಲಿ ಕೂತು ಉಗುರು ಕಚ್ಚುತ್ತಿದ್ದೆ. ಎಪ್ಪತ್ತು. ಎಪ್ಪತ್ತೈದು. ಎಂಬತ್ತು. "ಅಯ್ಯಯ್ಯೋ!" ಎಂದು ಕೂಗಿದ. "ನನ್ನ ಕೈಯೂ ನಡುಗ್ತಿದೆ ಕಣೇ! ನಿಮ್ಮನೆ ಅಳಿಯ ಆಗಿ ಇನ್ನೂ ಐದು ವಾರ ಆಗಿಲ್ಲ, ಇಷ್ಟು ಬೇಗ ಅಂಟ್ಕೊಳ್ತಾ?" ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಿಂದೆ ಮುಂದೆ ಗಾಡಿಯಿಲ್ಲದ ನೇರ ರಸ್ತೆ ನೋಡಿ ಎರಡೂ ಕೈಯನ್ನು ಸ್ಟೀರಿಂಗ್‌ನಿಂದ ಒಂದು ಕ್ಷಣ ಎತ್ತಿದ. ಅಪ್ಪ, ಯಾರೂ ಮುಟ್ಟದ ಸ್ಟೀರಿಂಗ್ ತಾನೇ ತಾನಾಗಿ ಗಡಗಡ ನಡುಗುತ್ತಿತ್ತು!

ನನಗೆ ಆಗ ಹೊಳೆಯಿತು, ನಿಮಗೆ ಯಾಕೆ ಇದು ತಿಳಿಯಲಿಲ್ಲ ಎಂದು. ವಿಶ್ವವಿದ್ಯಾಲಯದ ಆವರಣದ ಖಾಲಿ ರಸ್ತೆಯಲ್ಲಿ ನನಗೆ ಕಲಿಸುವಾಗ ಎಷ್ಟು ಸಲ ಹೇಳಿದ್ದಿರಿ! "ಎಡಗೈ ಹತ್ತು ಗಂಟೆ, ಬಲಗೈ ಎರಡು ಗಂಟೆ. ಆಕಾಶ ಬಿದ್ರೂ ಬಿಡಬಾರದು." ನೀವು ಎಂದೂ ಬಿಡಲಿಲ್ಲ. ಬಿಟ್ಟು ನೋಡಿದ್ದರೆ...

ನೇರ ಟೈರಿನ ಅಂಗಡಿಗೆ ಹೋದೆವು. ಅಲ್ಲಿನ ಮುದುಕ ಮಿಸ್ತ್ರಿ ಬಾಯಲ್ಲಿ ಪಾನ್ ಇಟ್ಟುಕೊಂಡೇ ಡಾಕ್ಟರರ ಹಾಗೆ ವಿಚಾರಿಸಿದರು. ಬ್ರೇಕ್ ಒತ್ತಿದರೆ ನಡುಕ ಹೆಚ್ಚಾಗುತ್ತದೆಯೇ? ಇಲ್ಲ. ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆಯೇ? ಇಲ್ಲ. ನಿಧಾನಕ್ಕೆ ಹೋದರೆ? ಏನೂ ಇಲ್ಲ. ಮುಂದಿನ ಚಕ್ರವನ್ನು ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದರು, ಸಡಿಲವಿರಲಿಲ್ಲ. ಟೈರಿನ ಸುತ್ತ ಅಂಗೈ ಆಡಿಸಿದರು, ಉಬ್ಬಿರಲಿಲ್ಲ. ಆಮೇಲೆ ಚಕ್ರದ ಕಬ್ಬಿಣದ ಅಂಚನ್ನು ಉಜ್ಜಿ ನೋಡಿ, "ಬಿಟಿಯಾ, ಇಹಾಂ ಕಾ ಸೀಸಾ ಕಹಾಂ ಗಇಲ್?" ಅಂದರು.

ಇಲ್ಲಿದ್ದ ಸೀಸ ಎಲ್ಲಿ ಹೋಯಿತು ಅಂದರೆ? ಯಾವ ಸೀಸ? ಅವರು ಒಂದು ಡಬ್ಬಿಯಿಂದ ಬೆರಳಿನಷ್ಟು ಉದ್ದದ ಬೂದುಬಣ್ಣದ ತುಂಡೊಂದನ್ನು ತೆಗೆದು ತೋರಿಸಿದರು. ಚಕ್ರದ ಒಂದು ಕಡೆ ಭಾರ ಕಡಿಮೆಯಿದ್ದರೆ ಅಲ್ಲಿಗೆ ಇದನ್ನು ಸಿಕ್ಕಿಸಿ ಸುತ್ತಲೂ ಸಮ ಮಾಡುತ್ತಾರಂತೆ. ಇಲ್ಲದಿದ್ದರೆ ಜೋರಾಗಿ ತಿರುಗುವಾಗ ಚಕ್ರ ಕುಣಿಯುತ್ತದೆ, ಸ್ಟೀರಿಂಗ್ ನಡುಗುತ್ತದೆ. ನಾನು ಆ ತುಂಡನ್ನು ನೋಡಿದೆ. ಅದು ನನಗೆ ಗುರುತಿನ ವಸ್ತು.

ಆ ದಸರಾದ ಆಯುಧಪೂಜೆ ನೆನಪಿದೆಯೇ? ನೀವು ಕಾರಿಗೆ ಮೇಣ ಹಚ್ಚಿ ತಿಕ್ಕುತ್ತಿದ್ದಿರಿ. ಚಕ್ರ ನನ್ನ ಪಾಲಿಗೆ. ಹುಣಸೆಹಣ್ಣು ಹಾಕಿ ಉಜ್ಜಿದರೂ ಅಂಚಿಗೆ ಅಂಟಿದ್ದ ಕೊಳಕು ತುಂಡುಗಳು ಹೋಗಲೊಲ್ಲವು. ಸ್ಕ್ರೂಡ್ರೈವರ್ ತಂದು ಒಂದೊಂದನ್ನೇ ಮೀಟಿ ಕಿತ್ತೆ. ಚಕ್ರದಡಿ ನಿಂಬೆಹಣ್ಣು ಇಡುವಾಗ ಮಿಶ್ರಾಜಿ ಮಹಡಿಯಿಂದ ಬಗ್ಗಿ, "ಗಾಡಿ ಕೋ ನಿಂಬೂ ಕಾಹೇ ಖಿಲಾ ರಹೇ ಹೈಂ, ರಾವ್ ಸಾಹಬ್?" ಎಂದು, ಗಾಡಿಗೇಕೆ ನಿಂಬೆಹಣ್ಣು ತಿನ್ನಿಸುತ್ತಿದ್ದೀರಿ ಅಂತ ತಮಾಷೆ ಮಾಡಿದ್ದರು. ನೀವು ಚಕ್ರ ನೋಡಿ, "ಭೇಷ್ ಪುಟ್ಟಿ! ಈಗ ತಾನೆ ಅಂಗಡಿಯಿಂದ ಬಂದ ಹಾಗಿದೆ!" ಅಂದಿರಿ. ನಾನು ಉಬ್ಬಿಹೋದೆ. ಒಡೆದ ಕುಂಬಳಕಾಯಿಯ ಜೊತೆ ಆ ತುಂಡುಗಳನ್ನೂ ಗುಡಿಸಿ ಹಾಕಿದೆ. ನಾಲ್ಕನೆಯ ದಿನ ನೀವು ಹೆದ್ದಾರಿಗೆ ಹೊರಟಿರಿ.

ಇದನ್ನು ಬರೆಯುವಾಗ ಸ್ವಲ್ಪ ಅತ್ತೆ ಅಪ್ಪ. ಸುಳ್ಳು ಹೇಳುವುದಿಲ್ಲ, ಜಾಸ್ತಿಯೇ ಅತ್ತೆ. ನಿಮ್ಮ ಸ್ಟೀರಿಂಗ್ ಕಿತ್ತುಕೊಂಡವಳು ನಾನೇ. ಆದರೆ ಅಳು ಮುಗಿದ ಮೇಲೆ ಉಳಿದದ್ದು ನಿರಾಳ. ನಿಮಗೆ ಆ ಕಾಯಿಲೆ ಇರಲೇ ಇಲ್ಲ! ಅದಕ್ಕೂ ಸಾಕ್ಷಿ ಸಿಕ್ಕಿತು. ಚಕ್ರಗಳಿಗೆ ಹೊಸ ಸೀಸ ಸಿಕ್ಕಿಸಿ ಸಮ ಮಾಡಿಕೊಡುವಾಗ, ಈ ಟೈರು ಯಾವಾಗ ಹಾಕಿಸಿದ್ದು ಎಂದು ಮಿಸ್ತ್ರಿ ಕೇಳಿದ್ದರಿಂದ ಮನೆಗೆ ಬಂದು ನಿಮ್ಮ ಡೈರಿ ತೆಗೆದೆ. ಅದರ ಕೊನೆಯ ಪುಟಗಳ ತುಂಬ ನಿಮ್ಮ ಸಹಿಗಳು. ನೀವು ಹೋದಾಗ ಅಮ್ಮ ಅದನ್ನು ನೋಡಿ, "ಪೆನ್ನು ಬರೆಯುತ್ತಾ ಅಂತ ನೋಡಿರ್ಬೇಕು" ಅಂದಿದ್ದರು. ಈಗ ತಾರೀಖು ನೋಡಿದೆ. ಢಾಬಾದಿಂದ ವಾಪಸಾದ ಮರುದಿನದಿಂದ ಶುರು, ದಿನಕ್ಕೊಂದು. ಬ್ಯಾಂಕಿನಲ್ಲಿ ಕೂತು ಊರವರ ಸಹಿ ತಾಳೆ ನೋಡುತ್ತಿದ್ದವರು ಮನೆಯಲ್ಲಿ ನಿಮ್ಮ ಸಹಿಯನ್ನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದಿರಿ. ನೀವು ಪುಟಗಳ ಮೇಲೆ, ನಾನು ಚೊಂಬು ಹಿಡಿದು. ಇಬ್ಬರೂ ಒಂದೇ ಜಾತಿಯ ಪೆದ್ದರು!

ಎಲ್ಲವನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದೆ. ಕಾಶಿಯಲ್ಲಿದ್ದರೂ ಕನ್ನಡದಲ್ಲೇ ಹಾಕುತ್ತಿದ್ದ ಆ ಸಹಿ, ಕೊನೆಗೆ ಎಳೆಯುತ್ತಿದ್ದ ಉದ್ದ ಗೆರೆ, ಎಲ್ಲೂ ಕದಲಿಲ್ಲ. ನೀವು ಅದನ್ನು ನಂಬಲೇ ಇಲ್ಲವೇ ಅಪ್ಪ?

ಅಮ್ಮನಿಗೆ ನಿನ್ನೆ ಎಲ್ಲ ಹೇಳಿದೆ. "ಇಷ್ಟಕ್ಕೇನಾ ಅವರು ಕೀಲಿ ಕೊಟ್ಟಿದ್ದು?" ಎಂದು ನಿಮ್ಮ ಫೋಟೋದ ಹಾರ ಸರಿಮಾಡಿದರು. ಆಮೇಲೆ, "ಅವತ್ತು ಅರ್ಧಕ್ಕೆ ಬಿಟ್ಟ ದಾರಿ ಇದೆಯಲ್ಲ, ಪೂರ್ತಿ ಕರ್ಕೊಂಡು ಹೋಗು" ಅಂದರು. ಭಾನುವಾರ ಹೊರಡುತ್ತೇವೆ. ನಾನು ಓಡಿಸುತ್ತೇನೆ, ಹತ್ತು ಗಂಟೆ, ಎರಡು ಗಂಟೆ. ಆ ಢಾಬಾದಲ್ಲಿ ಚಹಾಕ್ಕೆ ನಿಲ್ಲಿಸುತ್ತೇನೆ, ಆದರೆ ತಿರುಗಿಸುವುದಿಲ್ಲ. ಈ ದಸರಾದಲ್ಲಿ ಚಕ್ರಗಳನ್ನು ಪ್ರಸನ್ನನೇ ತೊಳೆಯುತ್ತಾನೆ, ನನ್ನನ್ನು ಹತ್ತಿರಕ್ಕೂ ಬಿಡುವುದಿಲ್ಲವಂತೆ.

ಡೈರಿಯನ್ನು ಒಳಗಿಡುವ ಮೊದಲು ಒಂದು ಕೆಲಸ ಮಾಡಿದೆ. ನಿಮ್ಮ ಕೊನೆಯ ಸಹಿಯ ಪಕ್ಕದಲ್ಲಿ, ಬ್ಯಾಂಕಿನಲ್ಲಿ ನೀವು ಬರೆಯುತ್ತಿದ್ದ ಹಾಗೆಯೇ, ಸಣ್ಣ ಅಕ್ಷರದಲ್ಲಿ ಬರೆದೆ: ಸಹಿ ತಾಳೆಯಾಗಿದೆ.

ನಿಮ್ಮ
ಪುಟ್ಟಿ