ವರಾಂಡದ ಡಾಕ್ಟರ್ ತಾತನಿಗೆ

ತಾತ,
ನಾನು ಕಾಲೇಜಿನ ಫೀಲ್ಡ್‌ವರ್ಕಿಗೆ ಹೊರಟೆ. ಹಾಲು ಕಾಯಿಸಿಟ್ಟಿದ್ದೀನಿ, ಆರಿದ ಮೇಲೆ ಮುಚ್ಚಿಡು, ಬೆಕ್ಕು ಬಾಯಿ ಹಾಕೀತು.

ಬಟ್ಟೆ ಹೊಲಿಸೋಕೆ ಬಂದವರಿಗೆ ನನ್ನ ಮನಶ್ಶಾಸ್ತ್ರದ ಪುಸ್ತಕ ತೆಗೆದು ಕಾಯಿಲೆ ಹೆಸರು ಹೇಳ್ಬೇಡ. ನಾನಿನ್ನೂ ಎರಡನೇ ವರ್ಷ. ನನಗೇ ಇಲ್ಲದ ಅಧಿಕಾರ ಕಾಜಾ ಗುಂಡಿ ಹಾಕೋ ನಿನಗೆ ಯಾರು ಕೊಟ್ಟರು? ಮೊನ್ನೆ ಪಕ್ಕದ್ಮನೆ ಆಂಟಿ "ನನಗೆ ದೊಡ್ಡ ಕಾಯಿಲೆಯಂತೆ ಕಣ್ರೀ!" ಅಂತ ಬೀದಿಯಿಡೀ ಸಾರಿಕೊಂಡು ಬಂದರು, ಅದೂ ಖುಷಿಯಿಂದ.

ನಮ್ಮ ಮೇಡಂ ದಿನಾ ಹೇಳೋದು ಒಂದೇ, "ಬಾಯಿ ಮುಚ್ಚಿಕೊಂಡು ಕೇಳಿಸ್ಕೊಳ್ಳಿ." ಪುಸ್ತಕ ಮುಟ್ಟದಿದ್ದರೆ ನೀನು ಮಿಷನ್ ತುಳೀತಾನೇ ಅದನ್ನ ಮಾಡ್ತೀಯ, ಹಾಳಾದ್ದು, ನನಗೇ ಬರ್ತಿಲ್ಲ.

ಸಂಜೆ ಆರಕ್ಕೆ ಮಾತ್ರ ಯಾರನ್ನೂ ಕೂರಿಸ್ಕೋಬೇಡ. ಆ ಹೊತ್ತು ನನಗೆ ಬೇಕು. ಸಂಖ್ಯಾಶಾಸ್ತ್ರದ ಪೇಪರಲ್ಲಿ ಡುಮ್ಕಿ ಹೊಡೆದಿದ್ದೀನಿ, ಅಮ್ಮನಿಗಿನ್ನೂ ಹೇಳಿಲ್ಲ.

ಇಂತಿ,
ಆರು ಗಂಟೆಯ ಪೇಷಂಟು